ಒಂದು ಮೂಟೆ ಕಂಪ್ಯೂಟರ್

"ಸ್ಟಾಕ್ ಇಲ್ಲಮ್ಮ" ಎಂದು ರಘುನಾಥ್ ಹೇಳಿದ್ದು ಅದು ಏಳನೇ ಸಲ. ಅವನ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಬೋರ್ಡಿನ ಡಬ್ಬಗಳು ಸಾಲಾಗಿ ಕೂತಿದ್ದವು. ಅಂಗೈಯಗಲದ ಬೋರ್ಡು, ಇಡೀ ಕಂಪ್ಯೂಟರ್ ಅದರಲ್ಲೇ ಅಡಕ. ಜಗತ್ತಿನ ಯಾವುದೋ ಮೂಲೆಯಲ್ಲಿ ಚಿಪ್ ಸಾಲದೆ ಹೋದರೆ ಚಿತ್ರದುರ್ಗದ ಅಂಗಡಿಯವನ ತಲೆಗೆ ಕೋಡು ಮೂಡುತ್ತದೆ, ನೋಡಿ.

"ಮತ್ತೆ ಅವೇನಣ್ಣ?" ಎಂದಳು ನಾಗಶ್ರೀ.

"ಅವು ನನ್ನ ಮಿಷನ್ನಿಗೆ."

ಅಲ್ಲಿಗೆ ವಿಷಯ ಬಯಲಾಯಿತು. ಹಿರಿಯೂರಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಲೇ ನಾಗಶ್ರೀ ಎರಡು ವರ್ಷ ಕೂತು ಒಂದು ಪ್ರೋಗ್ರಾಂ ಬರೆದಿದ್ದಳು. ಕುರಿ ಕೂಡುವ ರೊಪ್ಪದ ಬಾಗಿಲಿಗೆ ಕ್ಯಾಮೆರಾ ಕಟ್ಟಿದರೆ, ಬೆಳಿಗ್ಗೆ ಮೇಯಲು ಹೋದವೆಲ್ಲ ಸಂಜೆ ವಾಪಸ್ ಬಂದವೋ ಇಲ್ಲವೋ ಎಂದು ಅದು ಹೇಳುತ್ತಿತ್ತು. ಯಲ್ಲದಕೆರೆಯ ಕುರಿಗಾರರು ಭಾನುವಾರ ನೋಡಿ ಒಪ್ಪುವುದಾಗಿ ಮಾತು ಕೊಟ್ಟಿದ್ದರು. ಸುದ್ದಿ ರಘುನಾಥನ ಕಿವಿಗೂ ಬಿದ್ದು, ಅದೇ ಭಾನುವಾರ ತೋರಿಸಲೆಂದು ಅವನೂ ಅಂಥದ್ದೇ ಒಂದು ಮಾಡಿಸಿದ್ದ.

"ನಿನ್ನ ಪ್ರೋಗ್ರಾಂ ಕೊಡು, ಬೇಕಾದಷ್ಟು ಬೋರ್ಡ್ ಕೊಡ್ತಿನಿ. ಹೆಸರು ಮಾತ್ರ ನಮ್ಮ ಅಂಗಡೀದು."

ನಾಗಶ್ರೀಗೆ ಮೈಯೆಲ್ಲ ಉರಿದುಹೋಯಿತು. "ಹಡೆದೋಳು ನಾನು, ಹೆಸರು ನಿಮ್ದಾ? ಇಟ್ಕಳ್ರಿ ನಿಮ್ಮ ಬೋರ್ಡು, ಉಪ್ಪಿನಕಾಯಿ ಹಾಕ್ಕಳ್ರಿ!" ಎಂದು ಮೆಟ್ಟಿಲಿಳಿದಳು.

ಇಳಿದವಳು ನೇರ ಹೊಳಲ್ಕೆರೆ ಬಸ್ ಹತ್ತಿದಳು. ಅಲ್ಲಿ ಕೇಬಲ್ ನಡೆಸುವ ಕೊಟ್ರೇಶನ ಗೋಡೌನಿನಲ್ಲಿ, ಜನ ಹೊಸದು ಕೊಂಡು ಎಸೆದ, ಟಿವಿಗೆ ಜೋಡಿಸುವ ಹಳೇ ಸೆಟ್ ಟಾಪ್ ಡಬ್ಬಗಳು ಮೂಟೆಗಟ್ಟಲೆ ಬಿದ್ದಿದ್ದವು. ಅವುಗಳ ಹೊಟ್ಟೆಯಲ್ಲೂ ಇರುವುದು ಪುಟ್ಟ ಕಂಪ್ಯೂಟರೇ, ಕೆಲಸಕ್ಕೆ ಹಚ್ಚುವವರಿರಲಿಲ್ಲ ಅಷ್ಟೆ. "ಒಯ್ಯಿ ತಾಯಿ, ಹೆಗ್ಗಣ ಮರಿ ಹಾಕೋಕೆ ಮುಂಚೆ ಒಯ್ಯಿ" ಎಂದು ಕೊಟ್ರೇಶ ಒಂದು ಮೂಟೆಯನ್ನೇ ಹೊರಿಸಿ ಕಳಿಸಿದ.

ಮೂರು ದಿನ ಪ್ರೋಗ್ರಾಂ ಅದರೊಳಗೆ ಕೂರಲಿಲ್ಲ. ನಾಲ್ಕನೇ ದಿನ ಕೂತಿತು. ಆದರೆ ಕುರಿಗಳ ಸಂಖ್ಯೆ ತೋರಿಸಲು ಪರದೆ ಜೋಡಿಸಹೋದರೆ ಡಬ್ಬ ಸುತರಾಂ ಜಗ್ಗಲಿಲ್ಲ. ನಾಗಶ್ರೀ ಅತ್ತೇಬಿಟ್ಟಳು. ಡಬ್ಬದ ಮುಂದೆ ಇದ್ದದ್ದು ಎರಡು ಬಣ್ಣದಲ್ಲಿ ಉರಿಯುವ ಒಂದೇ ಒಂದು ದೀಪ. ಮೂಗೊರೆಸಿಕೊಂಡು, ಎಲ್ಲ ಬಂದರೆ ಹಸಿರು, ಒಂದು ಕಮ್ಮಿಯಾದರೂ ಕೆಂಪು ಎಂದು ಬರೆದು ಮುಗಿಸಿದಳು.

ಭಾನುವಾರ ಬೆಳಿಗ್ಗೆ, ಯಲ್ಲದಕೆರೆಯಲ್ಲಿ ಅವಳ ಸೋದರಮಾವ ಪಾಪಣ್ಣನ ರೊಪ್ಪದ ಒಂದು ಕಂಬಕ್ಕೆ ಅವಳ ಡಬ್ಬ, ಇನ್ನೊಂದಕ್ಕೆ ರಘುನಾಥನ ಯಂತ್ರ ಏರಿದವು. ಸಂಜೆ ಕುರಿಗಾರರೆಲ್ಲ ನೆರೆದರು. ಮಂದೆ ಒಳಗೆ ನುಗ್ಗಿತು. ರಘುನಾಥನ ಯಂತ್ರ ದೊಡ್ಡ ದೊಡ್ಡ ಅಂಕಿ ಮಿನುಗಿಸಿ ಸ್ಪೀಕರಿನಲ್ಲಿ ಕೂಗಿತು: "ನೂರಾ ಹನ್ನೊಂದು!"

ಕುರಿಗಾರರ ಮುಖ ಸುಟ್ಟ ಬದನೆಕಾಯಿಯಾಯಿತು. ಪಾಪಣ್ಣ ಹೆಗಲ ಕಂಬಳಿ ಕಿತ್ತು ಯಂತ್ರದ ಮೇಲೆ ಹಾಕಿದ. "ಏನಪ್ಪ, ಮಂದೆ ಲೆಕ್ಕ ಹಿಂಗೆ ಬಾಯ್ಬಿಟ್ಟು ಹೇಳ್ತಾರಾ? ದೃಷ್ಟಿ ಆಗಲ್ವಾ? ನಮ್ಮಪ್ಪ ಸಾಯೋಗಂಟ ನನಗೇ ಹೇಳ್ಲಿಲ್ಲ."

ಎಲ್ಲರ ಕಣ್ಣೂ ಈಗ ನಾಗಶ್ರೀಯ ಡಬ್ಬದ ಮೇಲೆ ಬಿತ್ತು. ಕೆಂಪು ದೀಪ. ಅವಳು ಡಬ್ಬದ ತಂತಿ ಅಲುಗಿಸಿ ನೋಡಿದಳು. ಇದೂ ಕೈಕೊಟ್ಟಿತಾ?

ಪಾಪಣ್ಣ ಮಂದೆಯ ಮೇಲೆ ಒಮ್ಮೆ ಕಣ್ಣಾಡಿಸಿದ. "ಕರಿಮೂತಿ ಎಲ್ಲೈತೆ?" ಎಂದವನೇ ಬೇಲಿಯತ್ತ ಸಿಳ್ಳೆ ಹಾಕಿದ. ಜಾಲಿಯ ಮರೆಯಿಂದ ಕಪ್ಪು ಮೂತಿಯ ಕುರಿಯೊಂದು ಕುಂಟುತ್ತ ಬಂದು ಬಾಗಿಲು ದಾಟಿತು. ದೀಪ ಹಸಿರಾಯಿತು.

ಕಂಬಳಿಯೊಳಗಿಂದ "ನೂರಾ ಹನ್ನೆರಡು" ಎಂದು ಗೊಗ್ಗರು ದನಿ ಬಂತು. ಕುರಿಗಾರರು ಬಿದ್ದು ಬಿದ್ದು ನಕ್ಕರು.

"ನಮ್ಮ ರೊಪ್ಪಕ್ಕೂ ಒಂದು ಕಟ್ಟು ತಾಯಿ. ಲೆಕ್ಕ ಹೊಟ್ಟೇಲೇ ಇಟ್ಕಂತೈತೆ, ಒಳ್ಳೇ ಡಬ್ಬ" ಎಂದು ಒಬ್ಬೊಬ್ಬರೇ ಹತ್ತಿರ ಬಂದರು.

ಕಂಬಳಿ ಸರಿಸಿ ಯಂತ್ರ ಬಿಚ್ಚಿಕೊಂಡ ರಘುನಾಥ್ ಮೆಲ್ಲಗೆ ಪಕ್ಕಕ್ಕೆ ಬಂದು ನಿಂತ. "ಬೋರ್ಡ್ ಕೊಡ್ತಿನಿ ತಗಳಮ್ಮ, ಹೆಸರು ನಿಂದೇ ಇರ್ಲಿ. ಈ ಗುಜರಿ ಎಷ್ಟು ದಿನ ಬಂದಾತು? ಹಿಂಗಿರೋ ಡಬ್ಬ ಎಷ್ಟವೆ ನಿನ್ನತ್ರ?"

ನಾಗಶ್ರೀ ಜೊತೆಗೆ ಹೊತ್ತು ತಂದಿದ್ದ ಡಬ್ಬಗಳ ಮೂಟೆಯ ಬಾಯನ್ನು ಬಿಗಿಯಾಗಿ ಕಟ್ಟಿದಳು.

"ಎಣಿಸಬಾರದು ಕಣಣ್ಣ" ಎಂದಳು.