ಮಾಳಿಗೆಯ ಮೇಲಿನ ಹುಲ್ಲು

ಪಂಚಶೀಲಾಗೆ ಕಾಯಂ ನೌಕರಿ ಇರಲಿಲ್ಲ. ಶಹಾಪುರದ ಹೊರಗಿನ ಸ್ನಾತಕೋತ್ತರ ಕೇಂದ್ರದಲ್ಲಿ ಅವಳು ಪರಿಸರ ವಿಜ್ಞಾನದ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಆಗಸ್ಟ್ ಕೊನೆಗೆ ಅವಳ ಆದೇಶ ಮುಗಿಯುತ್ತಿತ್ತು. ಮುಂದಿನದನ್ನು ಕೊಡುವುದು ಬಿಡುವುದು ಕೇಂದ್ರದ ನಿರ್ದೇಶಕ ಸುನೀಲಕುಮಾರರ ಕೈಯಲ್ಲಿತ್ತು. ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ಅವಳಿಗೇ ಹಚ್ಚಿದ್ದರು. ಅದಕ್ಕೆ ಪ್ರತಿಯಾಗಿ ಇರಲು ಒಂದು ಕೋಣೆ. ನೌಕರಿ ಹೋದರೆ ಕೋಣೆಯೂ ಹೋಗುತ್ತದೆ. ಟ್ರಂಕು ಎತ್ತಿಕೊಂಡು ತನ್ನೂರು ಕೆಂಭಾವಿಯ ಬಸ್ಸು ಹತ್ತಬೇಕು.

ಹಾಸ್ಟೆಲಿನ ಹುಡುಗಿಯರು ಓದಲು ಕೂರುತ್ತಿದ್ದದ್ದು ಆವರಣದಲ್ಲಿದ್ದ ಹಳೆಯ ಕಲ್ಲಿನ ಕಟ್ಟಡದಲ್ಲಿ. ನಿಜಾಮರ ಕಾಲದಲ್ಲಿ ಅದು ಧಾನ್ಯದ ಗೋದಾಮಾಗಿತ್ತು. ದಪ್ಪ ಗೋಡೆ, ಕಟ್ಟಿಗೆಯ ತೊಲೆಗಳು, ಅವುಗಳ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು ಹಾಸಿದ ಮಟ್ಟಸ ಸೂರು, ಅದೇ ಮಾಳಿಗೆ. ಹೊರಗೆ ಮೇ ತಿಂಗಳು ಸುಡುತ್ತಿದ್ದರೂ ಒಳಗೆ ಫ್ಯಾನಿಲ್ಲದೆ ಕೂರಬಹುದಿತ್ತು. ಕಟ್ಟಡಗಳಿಗೆ ಅಂಕ ಹಾಕಿ ಪ್ರಮಾಣಪತ್ರ ಕೊಡುವ ಹಸಿರು ಕ್ಯಾಂಪಸ್ ಯೋಜನೆ ಬಂದಾಗ, ಇದನ್ನು ಕೆಡವಿ ಕಾಂಕ್ರೀಟ್ ಹಾಕುವುದು ಬೇಡ, ಇದ್ದ ಹಾಗೆಯೇ ದುರಸ್ತಿ ಮಾಡೋಣ ಎಂದು ಸಭೆಯಲ್ಲಿ ವಾದಿಸಿದವಳು ಪಂಚಶೀಲಾ. ಎಲ್ಲರೂ ಒಪ್ಪಿದರು. ಆಮೇಲೆ ಸುನೀಲಕುಮಾರರು ಮಾಳಿಗೆಯ ಮೇಲೆ ಹುಲ್ಲು ಬೆಳೆಸಬೇಕು ಎಂದರು.

ಈ ಸೀಮೆಯಲ್ಲಿ ಮಾಳಿಗೆಗೆ ಹಾಕುವುದು ಕರಲು ಮಣ್ಣು. ಉಪ್ಪುಪ್ಪಾದ ಬಿಳಿಚು ಮಣ್ಣು. ಅದು ನೀರನ್ನು ಒಳಗೆ ಬಿಡುವುದಿಲ್ಲ, ಅದರಲ್ಲಿ ಏನೂ ಬೆಳೆಯುವುದೂ ಇಲ್ಲ. ಮಳೆಗಾಲಕ್ಕೆ ಮುಂಚೆ ಮನೆಮಂದಿಯೆಲ್ಲ ಮೇಲೆ ಹತ್ತಿ ಹೊಸ ಮಣ್ಣು ಹರಡುತ್ತಾರೆ. ಗಾಳಿಗೆ ಬಂದು ಬಿದ್ದ ಬೀಜ ಎಲ್ಲಾದರೂ ಮೊಳೆತಿದ್ದರೆ ಬೇರುಸಹಿತ ಕೀಳುತ್ತಾರೆ. ಹತ್ತಿ ಬೆಳೆಯುವ ಕಪ್ಪು ಎರೆ ಮಣ್ಣು ಹೊಲಕ್ಕೆ ಸರಿ. ಅದು ನೀರು ಕುಡಿದು ಉಬ್ಬುತ್ತದೆ, ಭಾರವಾಗುತ್ತದೆ. ಸಭೆಯಲ್ಲಿ ಕೂತಿದ್ದ ಯಾರಿಗೂ ಇದು ಹೊಸ ವಿಷಯವಲ್ಲ.

"ಸರ್, ಕರ್ಲ ಮಣ್ಣಿನ್ಯಾಗ ಹುಲ್ಲು ಬರಂಗಿಲ್ರಿ" ಎಂದಳು ಪಂಚಶೀಲಾ.

"ಅದಕ್ಕ ಎರಿ ಮಣ್ಣು ಹಾಕೂದು."

ಗುತ್ತಿಗೆದಾರ ಸಾಬಣ್ಣ ನಕ್ಕುಬಿಟ್ಟ. "ಎರಿ ಮಣ್ಣು ಹಾಕಿದ ಮ್ಯಾಲ ಹುಲ್ಲು ಯಾಕ್ರಿ ಸರ್, ಹತ್ತಿನೇ ಬಿತ್ತೂಣಲ್ಲ. ಹಾಸ್ಟೆಲ್ ಖರ್ಚರೆ ಹುಟ್ತದ."

"ಹಾಕ್ತೀಯಾ, ಬ್ಯಾರೆದವರಿಗೆ ಕೊಡ್ಲ್ಯಾ?"

"ಹಾಕ್ತೀನ್ರಿ. ನೀವು ಸಗಣಿ ಹಾಕು ಅಂದ್ರ ಸಗಣಿನೂ ಹಾಕ್ತೀನಿ."

"ಹಂಗಾರ ಕೆಳಗ ಪ್ಲಾಸ್ಟಿಕ್ ಹಾಳಿ ಹಾಸೂಣ್ರಿ" ಎಂದಳು ಪಂಚಶೀಲಾ.

"ಪ್ಲಾಸ್ಟಿಕ್ ಕಂಡ್ರ ಮಾರ್ಕ್ಸ್ ಕಡಿತಾರ." ಸುನೀಲಕುಮಾರರು ಕನ್ನಡಕ ತೆಗೆದು ಒರೆಸಿದರು. "ನನಗ ಗೊತ್ತಿಲ್ಲ ಅಂತ ತಿಳಕೊಂಡೀರೇನು? ಹತ್ತಿಕುಣ್ಯಾಗ ನಮ್ಮ ಮನಿ ಮಾಳಿಗಿಗೆ ನಾನೂ ಮಣ್ಣು ಹೊತ್ತೀನಿ. ಆದ್ರ ಮಾರ್ಕ್ಸ್ ಕೊಡೋರು ಹತ್ತಿಕುಣಿಯವರಲ್ಲ. ಹಸಿರು ಕಟ್ಟಡ ಅಂದ್ರ ಅವರಿಗೆ ಹಸಿರು ಕಾಣ್ಬೇಕು."

ಸಭೆಯ ನಡಾವಳಿಗೆ ಅವಳೂ ಸಹಿ ಹಾಕಿದಳು.

ಜೂನಿನಲ್ಲಿ ಹುಲ್ಲು ಚಿಗುರಿತು. ಕೆಳಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಪಂಚಶೀಲಾ ಫೋನಿನಲ್ಲಿ ಇದನ್ನು ತಾಯಿ ರೇಣಮ್ಮನಿಗೆ ಹೇಳಿದಳು.

"ಮಾಳಿಗಿ ಮ್ಯಾಲ ಹುಲ್ಲು ಬೆಳಸ್ಯಾರ? ಇಷ್ಟೆಲ್ಲಾ ಓದಿದೋರು?"

"ಹೂಂ ಅವ್ವಾ."

"ಹಂಗಾರ ಆಡು ಹತ್ತಿಸ್ರಿ. ಅವಾದ್ರೂ ಹೊಟ್ಟಿ ತುಂಬ ಮೇಯ್ಲಿ." ಆಮೇಲೆ ದನಿ ತಗ್ಗಿಸಿ, "ನೀ ಏನೂ ಅನ್ನಾಕ ಹೋಗಬ್ಯಾಡವಾ. ಆರ್ಡರ್ ಬರೂತನಕ ಬಾಯಿ ಮುಚ್ಕೊಂಡಿರು" ಎಂದಳು.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಜೋರು ಮಳೆಯಲ್ಲ, ಬಿಡದ ಜಿಟಿಜಿಟಿ. ಮೇಲಿನ ಮಣ್ಣು ಕುಡಿಯುತ್ತಲೇ ಹೋಯಿತು. ನಡುವಿನ ತೊಲೆ ಕೆಳಗೆ ಬಾಗಿದ್ದು ಮೊದಲು ಕಂಡದ್ದು ಅಟೆಂಡರ್ ಭೀಮುಗೆ. ಪಂಚಶೀಲಾ ಬಂದು ನೋಡಿ, ಸಾಬಣ್ಣನಿಂದ ಎರಡು ಸೆಂಟ್ರಿಂಗ್ ಕಂಬ ತರಿಸಿ ತೊಲೆಗೆ ಆಸರೆ ಕೊಡಿಸಿದಳು. ಹುಡುಗಿಯರು ಆ ಕಡೆಯ ಮೇಜುಗಳನ್ನು ಬಿಟ್ಟು ಗೋಡೆಯ ಬದಿಗೆ ಸರಿದರು. ಸುರಪುರದ ನಜೀಮಾ ಮಾತ್ರ ಕಂಬಕ್ಕೆ ಬೆನ್ನು ಹಚ್ಚಿ ಕೂತು ಚೇಷ್ಟೆ ಮಾಡಿದಳು.

"ಮ್ಯಾಡಂ, ಈ ಕಂಬಗೋಳಿಗೂ ಹಾಜರಿ ಹಾಕ್ರಿ. ನಮಗಿಂತ ಇವೇ ಜಾಸ್ತಿ ಹೊತ್ತು ನಿಂದರ್ತಾವ."

"ಏಳು ಅಲ್ಲಿಂದ. ಗೋಡಿ ಕಡೆ ಕೂಡು."

"ಅಲ್ಲಿ ಬೆಳಕಿಲ್ರಿ. ಕಂಬ ಅದಾವಲ್ಲ, ಬಿದ್ರ ಇವು ಹಿಡಿತಾವ." ಹಾಗೆಂದರೂ ಅವಳು ಎದ್ದು ಗೋಡೆಯ ಕಡೆ ಹೋದಳು.

ಸುನೀಲಕುಮಾರರು ಕಂಬಗಳನ್ನು ನೋಡಿದ್ದು ತಪಾಸಣಾ ತಂಡ ಬರುವ ದಿನ ಬೆಳಿಗ್ಗೆ. ಅವರು ಕೂಗಾಡಲಿಲ್ಲ. ಪಂಚಶೀಲಾಳನ್ನು ಬಾಗಿಲ ಹೊರಗೆ ಕರೆದರು.

"ಇವನ್ನ ತಗಸ್ರಿ."

"ಸರ್, ತೊಲಿ ಬಾಗ್ಯಾದ್ರಿ. ಮಳಿ ಬ್ಯಾರೆ ನಿಂತಿಲ್ಲ."

"ಒಂದು ತಾಸಿನ ಮಾತು. ಅವರು ಫೋಟೋ ಹೊಡಕೊಂಡು ಚಾ ಕುಡದು ಹೋಗ್ತಾರ. ಆಮ್ಯಾಲ ನಾಕು ಕಂಬ ಹಚ್ರಿ, ಬ್ಯಾಡ ಅಂದವ್ರ ಯಾರು?" ಹೊರಡುತ್ತಾ, "ನಿಮ್ಮ ಆರ್ಡರ್ ಫೈಲ್ ನನ್ನ ಟೇಬಲ್ ಮ್ಯಾಲೇ ಅದ. ನಾಳಿ ಕಳಸೂಣಂತ ಇಟ್ಟೀನಿ" ಎಂದರು.

ಅವಳು ಒಳಗೆ ಹೋಗಿ ಭೀಮುಗೆ ಹೇಳಿದಳು. ಅವನು ತೊಲೆಯನ್ನು ನೋಡಿದ, ಅವಳನ್ನು ನೋಡಿದ.

"ನೀವು ಹೇಳ್ತೀರಿ ಅಂತ ತಗೀತೀನ್ರಿ ಮ್ಯಾಡಂ."

"ನಾ ಹೇಳಾಕತ್ತೀನಿ, ತಗಿ."

ಒಂದು ಕಂಬವನ್ನು ಅವನು ಸಡಿಲಿಸಿದ. ಇನ್ನೊಂದು ಬಿಗಿದುಕೊಂಡಿತ್ತು. ಅದನ್ನು ಅಲುಗಾಡಿಸಲು ಅವಳೂ ಕೈ ಹಚ್ಚಿದಳು. ಕಂಬ ಬಿಟ್ಟುಬಂದಾಗ ತೊಲೆ ಒಮ್ಮೆ ನರಳಿತು, ಅಷ್ಟೆ. ಕಂಬಗಳನ್ನು ತಂಡದವರ ಕಣ್ಣಿಗೆ ಬೀಳದಂತೆ ಸಾಬಣ್ಣನ ಟ್ರ್ಯಾಕ್ಟರಿಗೆ ಹಾಕಿಸಿದರು. ಓದುವ ಕೋಣೆ ತುಂಬಿರುವಂತೆ ಕಾಣಬೇಕೆಂದು ಹುಡುಗಿಯರನ್ನು ನಡುವಿನ ಮೇಜುಗಳಿಗೆ ಕರೆತಂದು ಕೂರಿಸಿದರು. ಕೂರಿಸಿದವಳೂ ಅವಳೇ.

ತಂಡ ಮಧ್ಯಾಹ್ನ ಬಂತು. ಮೂವರು ಛತ್ರಿ ಹಿಡಿದು ಏಣಿ ಹತ್ತಿ ಹುಲ್ಲು ನೋಡಿದರು. ಕೆಳಗಿಳಿದು ಬಂದು ಗೋಡೆಯ ಮೇಲೆ ಕೈಯಾಡಿಸಿ, ಎಷ್ಟು ತಂಪು ಎಂದರು. ಅವರಲ್ಲಿ ಹಿರಿಯರು ತಲೆಯೆತ್ತಿ ನೋಡಿ ಕೇಳಿದರು:

"ಇಷ್ಟು ಮಳೆಗೆ ತೊಂದರೆ ಆಗಿಲ್ವಾ?"

ಸುನೀಲಕುಮಾರರು ಪಂಚಶೀಲಾಳ ಕಡೆ ತಿರುಗಿದರು. ಹುಡುಗಿಯರೂ ತಿರುಗಿದರು.

"ಇಲ್ಲ ಸರ್" ಎಂದಳು. "ಗಟ್ಟಿಯಾಗಿದೆ."

ಅವರು ಫೋಟೋ ತೆಗೆದುಕೊಂಡರು. ಚಹಾ ಕುಡಿದು ಯಾದಗಿರಿಯ ರೈಲಿಗೆ ಹೊತ್ತಾಯಿತೆಂದು ಹೊರಟರು. ಕಾರು ಗೇಟು ದಾಟಿದ್ದೇ ಪಂಚಶೀಲಾ ಸಾಬಣ್ಣನಿಗೆ ಫೋನು ಮಾಡಿದಳು. ಟ್ರ್ಯಾಕ್ಟರು ಕಂಬಗಳ ಸಮೇತ ವನದುರ್ಗದ ಇನ್ನೊಂದು ಕೆಲಸಕ್ಕೆ ಹೋಗಿತ್ತು.

"ಒಯ್ಯಿ ಅಂದ್ರಿ, ಒಯ್ದೆ. ಮತ್ತ ಬೇಕಂತ ಯಾರ್ ಹೇಳ್ಯಾರ್ರಿ ನನಗ? ನಾಳಿ ಮುಂಜಾನೆ ತರ್ತೀನಿ ಬಿಡ್ರಿ."

ಅವಳು ಓದುವ ಕೋಣೆಗೆ ಬಂದಳು. ಮರುದಿನ ಪರೀಕ್ಷೆ ಇತ್ತು. ಹುಡುಗಿಯರು ನಡುವಿನ ಮೇಜುಗಳಿಂದ ಎದ್ದಿರಲಿಲ್ಲ.

"ಎಲ್ಲಾರೂ ಹೊರಗ ನಡೀರಿ. ನಿಮ್ಮ ನಿಮ್ಮ ರೂಮಿನ್ಯಾಗ ಓದ್ಕೋರಿ."

"ಯಾಕ್ರಿ ಮ್ಯಾಡಂ?"

ಮಾಳಿಗೆ ಬೀಳಬಹುದು ಎನ್ನಬೇಕಿತ್ತು. ಸ್ವಲ್ಪ ಹೊತ್ತಿನ ಹಿಂದೆ ಇವರೆಲ್ಲರ ಎದುರೇ ಗಟ್ಟಿಯಾಗಿದೆ ಎಂದಿದ್ದಳು. ಈಗ ಬೇರೆ ಮಾತಾಡಿದರೆ ಅದು ಕತ್ತಲಾಗುವುದರೊಳಗೆ ನಿರ್ದೇಶಕರ ಕಿವಿಗೆ ಬೀಳುತ್ತದೆ. ಫೈಲು ಇನ್ನೂ ಅವರ ಟೇಬಲ್ ಮೇಲೇ ಇತ್ತು.

"ಕರೆಂಟಿನ ಕೆಲಸ ಅದ" ಎಂದಳು.

"ಕರೆಂಟ್ ಬಾರದಿದ್ರೂ ನಡೀತದ್ರಿ, ಇನ್ನೂ ಬೆಳಕದ" ಎಂದಳು ನಜೀಮಾ. "ರೂಮಿನ್ಯಾಗ ಐದು ಮಂದಿ ಅದೀವಿ, ಹ್ಯಾಂಗ ಓದೂದು? ಮೊದಲ ಅಂಜಿಕಿ ಇತ್ತು. ನೀವೇ ಕೈಯಾರೆ ಕಂಬ ತಗದ್ರಿ, ಈಗ ಅಂಜಿಕಿನೂ ಹೋತು."

ಉಳಿದವರು ನಕ್ಕರು. ಕೆಲವರು ಪುಸ್ತಕ ಎತ್ತಿಕೊಂಡು ಹೊರಟರು. ನಜೀಮಾ, ಅವಳ ಜೊತೆ ಕಲ್ಪನಾ ಮತ್ತು ಪರಿಮಳಾ ಕೂತೇ ಉಳಿದರು. ಪಂಚಶೀಲಾ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕರೆದಳು. ಜೋರಾಗಿ ಕರೆಯಲಿಲ್ಲ.

ತೊಲೆ ನಡುವಿನಲ್ಲಿ ಸೀಳಿತು. ಮೊದಲು ಜಂತಿಗಳು, ಅವುಗಳ ಹಿಂದೆಯೇ ಹುಲ್ಲು ಹಿಡಿದ ಹಸಿ ಮಣ್ಣು ಒಂದೇ ರಾಶಿಯಾಗಿ ಇಳಿಯಿತು. ಬಾಗಿಲ ಕಡೆ ಕೂತಿದ್ದ ಕಲ್ಪನಾ ಮತ್ತು ಪರಿಮಳಾ ಓಡಿ ಹೊರಬಿದ್ದರು. ನಜೀಮಾಳ ಬಲಗೈ ಮೇಜು ಮತ್ತು ತೊಲೆಯ ನಡುವೆ ಸಿಕ್ಕಿಕೊಂಡಿತ್ತು. ಭೀಮು, ಪಂಚಶೀಲಾ, ಹಾಸ್ಟೆಲಿನ ಹುಡುಗಿಯರು ಕೈಯಿಂದಲೇ ಮಣ್ಣು ತೋಡಿದರು. ಎರೆ ಮಣ್ಣು ಅಂಟುತ್ತಿತ್ತು, ಎತ್ತಿದಷ್ಟೂ ಮತ್ತೆ ಕುಸಿಯುತ್ತಿತ್ತು. ನಜೀಮಾಗೆ ಎಚ್ಚರವಿತ್ತು. "ಮ್ಯಾಡಂ, ಬರಿಯೋ ಕೈ ಅದು" ಎಂದು ಅದನ್ನೇ ಹೇಳುತ್ತಿದ್ದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ತೆಗೆದರು.

ವಾಡಿಕೆಗಿಂತ ಹೆಚ್ಚು ಮಳೆ ಎಂದು ಕೇಂದ್ರ ವರದಿ ಬರೆಯಿತು. ಹುಡುಗಿಯರಿಗೆ ಹೊರಗೆ ಹೋಗಲು ವಾರ್ಡನ್ ಸಕಾಲಕ್ಕೆ ಸೂಚಿಸಿದ್ದರು ಎಂದೂ ಅದರಲ್ಲಿತ್ತು. ಪಂಚಶೀಲಾ ಅಲ್ಲ ಎನ್ನಲಿಲ್ಲ. ಹಸಿರು ಕಟ್ಟಡದ ಪ್ರಮಾಣಪತ್ರ ಬಂದು ನಿರ್ದೇಶಕರ ಕೋಣೆಯ ಗೋಡೆ ಸೇರಿತು. ಅವಳ ಆದೇಶವೂ ಬಂತು. ಬಿದ್ದ ಕಟ್ಟಡದ ಜಾಗದಲ್ಲಿ ಮತ್ತೆ ಏನು ಕಟ್ಟಬೇಕೆಂದು ನೋಡುವ ಸಮಿತಿಗೆ ಅವಳನ್ನೇ ಸದಸ್ಯೆ ಮಾಡಿದರು. ಅವಳು ಅದೇ ಕೋಣೆಯಲ್ಲಿದ್ದಾಳೆ. ಕಿಟಕಿ ತೆರೆದರೆ ಮಣ್ಣಿನ ರಾಶಿ ಕಾಣುತ್ತದೆ. ಅದರ ಮೇಲೆ ಹುಲ್ಲು ಈಗಲೂ ಬೆಳೆಯುತ್ತಿದೆ.

ಹೋದದ್ದು: ಒಂದು ಮಾಳಿಗೆ, ಏಳು ಮೇಜು, ಇನ್ನೂರ ಹತ್ತು ಪುಸ್ತಕ, ಒಂದು ಬಲಗೈ.