ಆಗಲಿ

“ಒಂದು ಮಾತು ಅನ್ನೋಕೆ ನಿನಗೇನು ದೊಡ್ರೋಗ?” ಅಡುಗೆಮನೆಯಲ್ಲಿ ಕದಿರಮ್ಮ ಗಂಡನ ಮೇಲೆ ಹರಿಹಾಯ್ದಳು. “ಗಂಡಿನೋರು ಜಗುಲಿ ಮೇಲೆ ಕೂತವ್ರೆ. ತಟ್ಟೆ ಮುಟ್ಟಿ ‘ಆಗಲಿ’ ಅಂದ್ರೆ ಮುಗೀತು!”

“ನೀನೇ ಅನ್ನು.”

“ಯಾಕೆ, ಹೆಣ್ಣಿಗೆ ಅಪ್ಪ ಸತ್ತೋಗವ್ನಾ? ಆ ಸೀಮೆಯಿಂದ ಬಂದಾಗಿಂದ ಏನು ಕೇಳಿದ್ರೂ ಬರೀ ಹೂಂ, ಹೂಂ. ನಮ್ಮೆಮ್ಮೆನೂ ಅಂತದೆ ಹೂಂ ಅಂತ!”

ಕೊಂಡಪ್ಪನ ಕೈ ಮೇಲೆದ್ದಿತು. ಹಾಗೇ ಇಳಿಯಿತು.

ಗೋದಾವರಿ ಸೀಮೆಯಲ್ಲಿ ಅವನು ಕಲ್ಲಿದ್ದಲು ಹುಡುಕುವ ಸರ್ವೆ ಪಾರ್ಟಿಯಲ್ಲಿದ್ದ. ನೆಲಕ್ಕೆ ತೂತು ಕೊರೆದು ಸಿಡಿಮದ್ದು ಇಳಿಸುತ್ತಿದ್ದರು. ಹೊಲದುದ್ದಕ್ಕೂ ಕಿವಿಗಳಂಥ ಡಬ್ಬಿಗಳನ್ನು ಊರುತ್ತಿದ್ದರು. ಮದ್ದು ಸಿಡಿದರೆ ನೆಲದ ಅದುರುವಿಕೆ ಆಳಕ್ಕಿಳಿದು, ಕಲ್ಲಿದ್ದಲ ಪದರಕ್ಕೆ ಬಡಿದು ವಾಪಸು ಬರುತ್ತಿತ್ತು. ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಸಾಹೇಬರು ಅದರಿಂದ ತಿಳಿಯುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಕದಲುವಂತಿರಲಿಲ್ಲ. ಹೆಜ್ಜೆ ಸದ್ದೂ ಡಬ್ಬಿಗಳಿಗೆ ಕೇಳಿಬಿಡುತ್ತಿತ್ತು.

ಮದ್ದು ಸಿಡಿಸುವ ಗುಂಡಿ ಒತ್ತುವವನು ಕೊಂಡಪ್ಪ. ಮದ್ದು ಇಳಿಸುವವನು ಮಲ್ಲಯ್ಯ, ತೆಲುಗಿನವನು. ಇಬ್ಬರದೂ ಒಂದೇ ಗುಡಾರ, ಒಂದೇ ಬೀಡಿ. ಅಂದು ಗಾಳಿ ಜೋರಿತ್ತು. ಕೊಂಡಪ್ಪ ದೂರದಿಂದ ಕೈಯೆತ್ತಿ “ಒತ್ಲಾ?” ಎಂದ. ತೂತಿನ ಬಳಿ ಬಗ್ಗಿದ್ದ ಮಲ್ಲಯ್ಯ “ಆಗಾಲಿ!” ಎಂದು ಕೂಗಿದ. ತೆಲುಗಿನಲ್ಲಿ ಅದು ‘ತಡೀಬೇಕು’ ಎಂದು. ಜಡಿಗೇನಹಳ್ಳಿಯ ಕೊಂಡಪ್ಪನ ಕಿವಿಗೆ ‘ಆಗಲಿ’ ಎಂದು ಕೇಳಿತು.

ಒತ್ತಿದ.

ಈಗ ಯಾರಾದರೂ ಆ ಮಾತು ಅಂದರೆ ಸಾಕು, ಅಂಗಾಲಿನಡಿ ನೆಲ ಅದುರುತ್ತದೆ. ಆಮೇಲೆ ಆಳದಿಂದ ಮಲ್ಲಯ್ಯನ ದನಿ ವಾಪಸು ಬರುತ್ತದೆ. ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ.

ಜಗುಲಿಗೆ ಬಂದ. ಬಾಗಿಲ ಮರೆಯಲ್ಲಿ ಮಗಳು ಗಂಗಲಕ್ಷ್ಮಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು. ಗಂಡಿನ ಸೋದರಮಾವ ದೊಡ್ಡಬೀರಪ್ಪ ಎಲೆಯಡಿಕೆ ತಟ್ಟೆ ಮುಂದಕ್ಕೆ ಹಿಡಿದ.

“ಏನಪ್ಪಾ, ಹೆಣ್ಣು ಕೊಡೋಕೆ ಇಷ್ಟೊಂದು ಯೋಚ್ನೆನಾ? ಹೊಸಕೋಟೆ ಬಸ್ಸು ತಪ್ಪೋಯ್ತದೆ. ಆಗಲಿ ಅಂದ್ಬಿಡು ಗುರು!”

ಎಲ್ಲರೂ ನಕ್ಕರು. ಕೊಂಡಪ್ಪ ತಟ್ಟೆ ಮುಟ್ಟಿದ. “ಆ...” ಎಂದ. ತಟ್ಟೆ ಗಡಗಡ ನಡುಗಿ ಅಡಿಕೆ ಉರುಳಿ ಬಿದ್ದವು.

“ಯಾರೂ ಕದಲಬ್ಯಾಡಿ,” ಎಂದ, ಮೆಲ್ಲಗೆ.

ದೊಡ್ಡಬೀರಪ್ಪನ ಬಾಯಲ್ಲಿ ಎಲೆಯಡಿಕೆ ಹಾಗೇ ನಿಂತಿತು. ಕೊಂಡಪ್ಪ ಮೆಟ್ಟಿಲಿಳಿದು, ಅಲ್ಲೇ ಇದ್ದ ಚಪ್ಪಲಿ ದಾಟಿ, ಬರಿಗಾಲಲ್ಲಿ ಸದ್ದಾಗದಂತೆ ರಾಗಿ ಹೊಲದೊಳಗೆ ನಡೆದ.

“ನಿಂತ್ಕೋ! ನಿಂತ್ಕೋ ಅಂದೆ!” ಎಂದು ಕದಿರಮ್ಮ ಕಿರುಚಿದಳು.

ಅವನು ತಿರುಗಿ ಬರಲಿಲ್ಲ.

ಹೊತ್ತು ಇಳಿಯಿತು. ಗಂಡಿನವರು ಗೊಣಗುತ್ತಾ ಎದ್ದು ಹೋದರು. ಗಂಗಲಕ್ಷ್ಮಮ್ಮ ಮಾತ್ರ, ಅಪ್ಪ ಹೇಳಿದಂತೆ, ಕದಲದೆ ನಿಂತೇ ಇದ್ದಳು.