ಓಕ್ ಮರದ ಎರಡು ಬದಿ

ಚಳಿಗಾಲದಲ್ಲಿ ನನ್ನ ಗೆಳೆಯ ಡೆಲ್ಮರ್‌ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಗಳು ವರ್ನಾ, ನಾವು ವಸಂತದ ಬೇಟೆಗೆ ಹೋದ ಮಾರನೇ ದಿನ, ಅವನನ್ನು ಪಟ್ಟಣದ ತನ್ನ ಮನೆಗೆ ಕರೆದೊಯ್ಯುವವಳಿದ್ದಳು. ಅವನ ಕೋವಿಗಳೆಲ್ಲ ಆಗಲೇ ಅಳಿಯನ ಗಾಡಿ ಸೇರಿದ್ದವು. ಒಂದನ್ನು ಮಾತ್ರ ಜಗಳವಾಡಿ ಉಳಿಸಿಕೊಂಡಿದ್ದ. ಕೊನೆಯದಾಗಿ ಒಂದು ಬೆಳಗ್ಗೆ, ಒಂದು ಕಾಡು ಟರ್ಕಿ ಕೋಳಿಯ ಹುಂಜ, ಅಷ್ಟೇ ಅವನು ಕೇಳಿದ್ದು. ಮಿಸೌರಿಯ ನಮ್ಮ ಗುಡ್ಡಗಳಲ್ಲಿ ವಸಂತದ ಬೇಟೆ ಮಧ್ಯಾಹ್ನ ಒಂದಕ್ಕೆ ನಿಲ್ಲಬೇಕು, ಕಾನೂನು.

ತೊರೆಯ ಮೇಲಿನ ದಿಣ್ಣೆಯ ಹಳೆಯ ಓಕ್ ಮರಕ್ಕೆ ಬೆನ್ನು ಕೊಟ್ಟು ಕುಳಿತೆವು. ಎಡಕ್ಕೆ ಅವನು, ಬಲಕ್ಕೆ ನಾನು, ಹುಡುಗರಾಗಿದ್ದಾಗಿನಿಂದ ಹಾಗೆಯೇ. ಯಾರ ಬದಿಗೆ ಹಕ್ಕಿ ಬರುತ್ತದೋ ಅದು ಅವರದ್ದು. ಹೇಂಟೆಯ ದನಿ ಹೊರಡಿಸುವ ಮರದ ಡಬ್ಬಿ ಈ ಸಲ ನನ್ನ ಹತ್ತಿರವಿತ್ತು. ಅದಕ್ಕೆ ಎರಡು ಕೈ ಬೇಕು. ಮುಚ್ಚಳ ಉಜ್ಜಿದೆ. ತೊರೆಯಾಚೆಯಿಂದ ಹುಂಜ ಗುಳುಗುಳು ಎಂದಿತು. ಮತ್ತೆ ಉಜ್ಜಿದೆ, ಮತ್ತೆ ಗುಳುಗುಳು. ಆದರೆ ಬಡ್ಡಿಮಗಂದು ಜಾಗ ಬಿಟ್ಟು ಕದಲಲಿಲ್ಲ. ಹೇಂಟೆಯೇ ತನ್ನ ಬಳಿ ಬರಲಿ ಎಂಬ ಜಂಬ.

ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊಣಕಾಲು ಕುಣಿಯುತ್ತಿತ್ತು, ಕತ್ತಿನ ಮೇಲೆ ಉಣ್ಣೆ ಹುಳ ಹರಿಯುತ್ತಿತ್ತು, ಕಣ್ಣು ಗಡಿಯಾರಕ್ಕೇ ಹೋಗುತ್ತಿತ್ತು. ತೊರೆ ದಾಟಿ ನಾವೇ ಹೋಗೋಣ ಎಂದೆ. ಡೆಲ್ಮರ್ ಎಡಗೈ ಚಾಚಿ ಡಬ್ಬಿ ಕಿತ್ತುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡ.

“ಅಲುಗಾಡಬೇಡ ಕಣೋ ರಾಯ್ಸ್. ಚರ್ಚಲ್ಲೂ ನೀನು ಹಿಂಗೇ ಕುಣೀತಿದ್ದೆ.”

ಡಬ್ಬಿ ಸುಮ್ಮನಾದ ಮೇಲೆ ಹುಂಜ ಸದ್ದಿಲ್ಲದೆ ಬಂತು. ಬಾಲ ಬಿಚ್ಚಿಕೊಂಡು, ಕೆಂಪು ಕತ್ತು ಉಬ್ಬಿಸಿಕೊಂಡು, ನನ್ನ ಬದಿಗೆ. ಕೋವಿ ನನ್ನ ಮೊಣಕಾಲ ಮೇಲೆಯೇ ಇತ್ತು.

“ಹೊಡಿ,” ಎಂದು ಡೆಲ್ಮರ್ ಉಸುರಿದ.

ನಾನು ಹೊಡೆಯಲಿಲ್ಲ. ಹುಂಜ ನಾಲ್ಕು ಹೆಜ್ಜೆ ಮರ ಸುತ್ತಿ ಬಂದಿದ್ದರೆ ಅದು ಅವನದಾಗುತ್ತಿತ್ತು. ಸುತ್ತಲಿಲ್ಲ. ಹೇಂಟೆ ಕಾಣದೆ ಬೇಸತ್ತು, ಬಾಲ ಮಡಚಿ, ಬಂದ ದಾರಿಯಲ್ಲೇ ಇಳಿದುಹೋಯಿತು.

“ನಿನ್ನ ಬದಿಗೆ ಬಂದಿದ್ದನ್ನ ಯಾಕೋ ಬಿಟ್ಟೆ? ನನಗೆ ಭಿಕ್ಷೆ ಹಾಕ್ತೀಯಾ?”

ನನಗೂ ನೆತ್ತಿಗೇರಿತು. “ಹಾಕ್ದೆ, ಏನೀಗ? ಎಡ ಭುಜಕ್ಕೆ ಕೋವಿ ಇಟ್ಕೊಂಡು ಎಡಗಡೆ ಕೂತಿದೀಯ. ನಿನ್ನ ಬದಿಗೆ ಬಂದಿದ್ರೂ ಅತ್ತ ತಿರುಗೋಕೆ ನಿನ್ನ ಕೈಲಾಗ್ತಿರಲಿಲ್ಲ.”

ಡೆಲ್ಮರ್ ವಾರಗಟ್ಟಲೆ ಕೊಟ್ಟಿಗೆಯ ಹಿಂದೆ ಎಡ ಭುಜದಿಂದ ಗುರಿ ಹಿಡಿಯುವುದನ್ನು ಕಲಿತಿದ್ದ. ಎಡ ಭುಜದವನಿಗೆ ಕೋವಿ ಬಲಕ್ಕೇ ಸಲೀಸಾಗಿ ತಿರುಗುತ್ತದೆ. ಇಷ್ಟು ವರ್ಷದ ಬೇಟೆಗಾರರು ನಾವು, ಜಾಗ ಬದಲಿಸಬೇಕೆಂದು ಅಲ್ಲಿಯವರೆಗೆ ಇಬ್ಬರ ಮಂಡೆಗೂ ಹೊಳೆದಿರಲಿಲ್ಲ.

ಅವನ ಸೊಂಟಪಟ್ಟಿ ಹಿಡಿದೆತ್ತಿ ಬಲಕ್ಕೆ ಕೂರಿಸಿ, ನಾನು ಎಡಕ್ಕೆ ಹೋದೆ. ಅವನು ಡಬ್ಬಿ ಕೊಟ್ಟು, ಒಂದೇ ಸಲ ಎಂದು ಬೆರಳೆತ್ತಿದ. ಒಂದೇ ಸಲ ಉಜ್ಜಿ ಅದನ್ನು ನನ್ನ ತೊಡೆಯ ಕೆಳಗೆ ತುರುಕಿದೆ. ಉಣ್ಣೆ ಕಚ್ಚಿತು. ಕಚ್ಚಲಿ ಎಂದು ಬಿಟ್ಟೆ. ಒಂದು ಗಂಟೆಗೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ.

ಬಲಗಡೆಯ ಇಳಿಜಾರಿನಿಂದ ಕೆಂಪು ತಲೆ ಮೇಲೆದ್ದಿತು. ಡೆಲ್ಮರ್‌ನ ಮೊಣಕಾಲ ಮೇಲೆ ಕೋವಿಯ ನಳಿಗೆ ಸಲೀಸಾಗಿ ಬಲಕ್ಕೆ ತಿರುಗಿ ನಿಂತಿತು. ಗುಂಡು ಹಾರಿತು. ಹುಂಜ ಒಣ ಎಲೆಗಳ ಮೇಲೆ ರೆಕ್ಕೆ ಬಡಿದು ಸುಮ್ಮನಾಯಿತು.

ಡೆಲ್ಮರ್ ಕೋವಿ ಕೆಳಗಿಟ್ಟ.

“ಈಗ ಎಷ್ಟು ಬೇಕಾದ್ರೂ ಅಲುಗಾಡು,” ಅಂದ, ಸೊಟ್ಟ ಬಾಯಲ್ಲಿ. “ಹೋಗಿ ತಗೊಂಡು ಬಾ. ಬಲಗಡೆ ಬಿದ್ದಿದೆ. ನಂದು.”